ಕಿಂಡಿಯೆದುರು ಹಿಡಿದ ಮೀಟರು

ಕರೆಂಟು ಕಂಪನಿಯವನು ಬಂದು ತಟ್ಟಿದರೂ ಬೆರಿಲ್ ಬಾಗಿಲು ತೆಗೆಯಲಿಲ್ಲ. ಕಾಗದ ಹಾಕುವ ಕಿಂಡಿಯಿಂದಲೇ ಮಾತಾಡಿದಳು. ಹೋದ ವರ್ಷ ಇಂಥವನೇ ಒಬ್ಬ "ಸುಮ್ಮನೆ ನೋಡ್ತೀನಿ" ಎಂದು ಲೀಡ್ಸಿನ ಈ ಬಾಡಿಗೆ ಮನೆಯೊಳಗೆ ಬಂದು, ಅಂಗಡಿಗೆ ಹೋಗಿ ಕೀಲಿಗೆ ಮುಂಗಡವಾಗಿ ಪೌಂಡು ತುಂಬಿಸಿ ತಂದು ತೂರಿಸಿದರಷ್ಟೇ ಕರೆಂಟು ಕೊಡುವ ಮೀಟರು ಜಡಿದು ಹೋಗಿದ್ದ. ಪೌಂಡು ಮುಗಿದರೆ ಕರೆಂಟೂ ಹೋಗುತ್ತಿತ್ತು, ಮಗಳ ಉಬ್ಬಸದ ಯಂತ್ರವೂ ನಿಲ್ಲುತ್ತಿತ್ತು.

"ಮಾಮೂಲಿ ಮೀಟರು ಹಾಕೋಕೆ ಬಂದಿದ್ದೀನಿ ಅಕ್ಕಾ. ನೀವೇ ಅರ್ಜಿ ಕೊಟ್ಟಿದ್ರಲ್ಲ?" ಎಂದ ಹೊರಗಿನವನು.

"ನಾನು ಕೊಟ್ಟಿದ್ದು ನಂಗೊತ್ತು. ನೀನು ತಂದಿದ್ದೇನು, ತೋರಿಸು."

ಅವನು ಮಂಡಿಯೂರಿ ಮೀಟರನ್ನು ಕಿಂಡಿಯೆದುರು ಹಿಡಿದ. "ನೋಡಿ, ಕೀಲಿ ತೂರಿಸೋ ತೂತೇ ಇಲ್ಲ. ತಿಂಗಳಿಗೊಂದು ಬಿಲ್ಲು ಬರುತ್ತೆ, ಅಷ್ಟೇ."

"ಆಫೀಸಲ್ಲೇ ಕೂತು ಇದನ್ನ ಮತ್ತೆ ಮುಂಗಡ ಕಟ್ಟೋ ಥರ ಮಾಡಬಹುದಾ? ಸುಳ್ಳು ಹೇಳ್ಬೇಡ, ಮಗಳಿಗೆ ಉಬ್ಬಸ ಇದೆ."

ಅವನು ಮೀಟರನ್ನು ಕೆಳಗಿಟ್ಟ. "ಮಾಡಬಹುದು ಅಕ್ಕಾ. ಆದ್ರೆ ಮಗು ಯಂತ್ರ ಬಳಸುತ್ತೆ ಅಂತ ಕಂಪನಿಯಲ್ಲಿ ಬರೆಸಿದ್ರೆ ಮಾಡೋ ಹಾಗಿಲ್ಲ. ಬರೆಸಿದ್ದೀರಾ?"

"ಯಾರೂ ಹೇಳ್ಲೇ ಇಲ್ಲ!"

"ಮೊದಲು ಫೋನ್ ಮಾಡಿ ಬರೆಸಿ. ಇಲ್ಲೇ ಮೆಟ್ಟಿಲ ಮೇಲೆ ಕೂತಿರ್ತೀನಿ."

ಮಗಳ ಹೆಸರು ಬರೆದುಕೊಂಡೆವೆಂದು ಫೋನಿನಲ್ಲಿ ಕಂಪನಿಯವರು ಎರಡು ಸಲ ಹೇಳಿದ ಮೇಲೆ ಬೆರಿಲ್ ಬಾಗಿಲು ತೆರೆದಳು. ಅವನು ಕೆಲಸ ಮುಗಿಸುವವರೆಗೂ ಬೆನ್ನ ಹಿಂದೆಯೇ ನಿಂತಿದ್ದಳು.