ಹತ್ತೊಂಬತ್ತನೆಯ ಪುಟದ ಬಾಗಿಲು

"ಇದು ನಮ್ಮಪ್ಪ," ಎಂದು ಆ ಹೆಂಗಸು ಕಾಮಿಕ್ಸ್ ಪುಸ್ತಕದ ಹತ್ತೊಂಬತ್ತನೆಯ ಪುಟದ ಕೊನೆಯ ಚಿತ್ರದ ಚೌಕದ ಮೇಲೆ ಬೆರಳಿಟ್ಟಳು.

ಡೆಲ್ಬರ್ಟ್ ಹೂಪ್ ಕನ್ನಡಕವನ್ನು ಮೂಗಿನ ಮೇಲೆ ಒತ್ತಿಕೊಂಡ. ಹಾಗೆ ಒತ್ತಿಕೊಳ್ಳುವ ಅಗತ್ಯವೇನೂ ಇರಲಿಲ್ಲ. ಆ ಅಗಲ ದವಡೆ, ಮುರಿದು ಕೂಡಿಕೊಂಡ ಮೂಗು, ಎಡಗಿವಿಯ ಮೇಲೆ ಜಾರಿದ ಟೋಪಿ, ಎಲ್ಲವನ್ನೂ ಬಿಡಿಸಿದ ಕೈ ಅವನದೇ. ರೇ ಕೊವಾಲಿಕ್. ಮೂವತ್ತೈದು ವರ್ಷದಿಂದ ಆ ಹೆಸರನ್ನು ಅವನು ಬಾಯಿಬಿಟ್ಟು ಹೇಳಿರಲಿಲ್ಲ. ಯಾರಾದರೂ ಒಂದು ದಿನ ಬಂದು ಕೇಳಿಯಾರೆಂಬ ಭಯ ಮಾತ್ರ ತನ್ನೂರು ಆಕ್ರನ್‌ನ ಈ ಕಾಮಿಕ್ಸ್ ಮೇಳದ ಸಹಿ ಮೇಜಿಗೆ ವರ್ಷವರ್ಷವೂ ಅವನ ಜೊತೆಗೇ ಬರುತ್ತಿತ್ತು. ಬಂದೇಬಿಟ್ಟಳಲ್ಲ, ಎಂದುಕೊಂಡ.

"ನೀನು... ರೇ ಮಗಳಾ?"

"ತೆರೇಸಾ. ಟೆಸ್ ಅಂತಿದ್ರಂತೆ ನೀವು. ನಮ್ಮನೆ ಹಿಂದಿನ ಮೆಟ್ಟಿಲ ಮೇಲೆ ಕೂತು ನಂಗೆ ಕುದುರೆ ಬಿಡಿಸಿ ಕೊಡ್ತಿದ್ರಂತೆ, ಡೆಲ್ ಅಂಕಲ್. ಕುದುರೆಗೆ ಐದು ಕಾಲು ಬೇಕು ಅಂತ ನಾನು ಹಟ ಮಾಡ್ತಿದ್ದೆನಂತೆ."

"ಹೇಗಿದಾನೆ ಅವ್ನು?"

"ಫೆಬ್ರವರೀಲಿ ಹೋದ್ರು."

ಪಕ್ಕದ ಕುರ್ಚಿಯಲ್ಲಿ ಕೂತು ಹೆಣೆಯುತ್ತಿದ್ದ ಡಾಟಿ ಸೂಜಿ ನಿಲ್ಲಿಸಿದಳು. ಡೆಲ್ ಬಿಡಿಸಿದ ಪುಟಗಳಿಗೆಲ್ಲ ಮಾತಿನ ಅಕ್ಷರ ಬರೆದವಳು ಅವಳು. ಎಪ್ಪತ್ತೆಂಟಾದರೂ ಕೈ ನಡುಗುವುದಿಲ್ಲ ಎಂಬುದು ಅವಳ ಜಂಬ. ಈ ಪುಟಕ್ಕೆ ಅಕ್ಷರ ಬರೆಯುವ ದಿನವೇ ಅವಳು, "ಕಾದಂಬರೀಲಿ ಹೀಗಿಲ್ವಲ್ಲಯ್ಯಾ?" ಎಂದು ಕೇಳಿದ್ದಳು. ಡೆಲ್ "ನೀನು ಬರಿ, ಸಾಕು" ಎಂದು ಗದರಿದ್ದ. ಅವಳು ಬರೆದಿದ್ದಳು.

ಬ್ರಾಡಿಗನ್ ಎಂಬ ಬಂದೂಕಿನ ವೀರನ ಕಾದಂಬರಿಗಳೆಂದರೆ ಆಗ ಔಷಧಿ ಅಂಗಡಿಯ ಕಂಬಿಗಳಲ್ಲಿ ನೇತಾಡುತ್ತಿದ್ದ ಸರಕು. ರಕ್ಷಾಪುಟದಲ್ಲಿ ಒಬ್ಬನ ಹೆಸರು, ಒಳಗೆ ಐದಾರು ಜನರ ಕೈವಾಡ. ಪುಟಕ್ಕೊಂದು ಹೆಣ, ಅಧ್ಯಾಯಕ್ಕೊಂದು ಸ್ಫೋಟ. ಒಂಬತ್ತನೆಯ ಕಾದಂಬರಿಯನ್ನು ಕಾಮಿಕ್ಸ್ ಮಾಡಿಕೊಡು ಎಂದು ಡೆಲ್‌ಗೆ ಆರು ವಾರ ಕೊಟ್ಟಿದ್ದರು. ಚಿತ್ರಕ್ಕೆ ಮಾದರಿಯಾಗಿ ನಿಲ್ಲುವುದಕ್ಕೆ ಬಾಡಿಗೆ ಜನ ಎಲ್ಲಿಂದ ಬರಬೇಕು? ಎಲ್ಲ ಚಿತ್ರಗಾರರೂ ಮಾಡುವಂತೆ ಅವನೂ ಊರವರ ಮುಖಗಳನ್ನೇ ಹಿಡಿದು ಹಾಕಿದ. ಕ್ಷೌರದಂಗಡಿಯವನು ಮಾಫಿಯಾ ದೊರೆಯಾದ, ಅತ್ತಿಗೆ ಒತ್ತೆಯಾಳಾದಳು. ಬ್ರಾಡಿಗನ್ ಕೈಯಲ್ಲಿ ಗುಂಡು ತಿನ್ನುವುದೆಂದರೆ ಊರಿನಲ್ಲಿ ಮದುವೆ ಫೋಟೋದ ಮುಂದಿನ ಸಾಲಿನಲ್ಲಿ ನಿಂತಷ್ಟು ಹೆಮ್ಮೆ. ಸತ್ತವರೆಲ್ಲ ಹತ್ತು ಹತ್ತು ಪ್ರತಿ ಕೊಂಡು ನೆಂಟರಿಗೆ ಹಂಚಿದ್ದರು, ರೇ ಒಬ್ಬನನ್ನು ಬಿಟ್ಟು.

ಟೆಸ್ ಚೀಲದಿಂದ ಇನ್ನೊಂದು ಪುಸ್ತಕ ತೆಗೆದಳು. ಅದೇ ಒಂಬತ್ತನೆಯ ಕಾದಂಬರಿ. ಬೆನ್ನಿಗೆ ಟೇಪು ಅಂಟಿಸಿತ್ತು.

"ಅಪ್ಪ ನಲವತ್ತೆರಡು ಬ್ರಾಡಿಗನ್ ಕಾದಂಬರೀನೂ ಇಟ್ಕೊಂಡಿದ್ರು. ಅವರು ಹೋದ ಮೇಲೆ ಈ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಕಾದಂಬರೀಲಿ ಉಗ್ರಾಣದ ಕಾವಲುಗಾರ ಮೈಲೋ ಇದಾನಲ್ಲ, ಅವನು ಬ್ರಾಡಿಗನ್‌ನ ಹೊರಗೆ ಕಳಿಸಿ, ಕಬ್ಬಿಣದ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಸಾಯ್ತಾನೆ. ನಿಮ್ಮ ಪುಸ್ತಕದಲ್ಲಿ ಅಪ್ಪನ ಮುಖದ ಮೈಲೋ ದುಡ್ಡಿನ ಲಕೋಟೆ ಇಸ್ಕೊಂಡು ಬ್ರಾಡಿಗನ್‌ನ ಹಿಡಿದುಕೊಡ್ತಾನೆ. ಬ್ರಾಡಿಗನ್ನೇ ಅವನನ್ನ ಗುಂಡಿಟ್ಟು ಕೊಲ್ತಾನೆ."

"ಹೌದು."

"ಹಿಂದೆ ಅಪ್ಪನ್ನ ಒಂದ್ಸಲ ಕೇಳಿದ್ದೆ, ನಿಮ್ಮನ್ಯಾಕೆ ದ್ರೋಹಿ ಮಾಡಿದಾರೆ ಅಂತ. ಅದು ಎಡಿಟರ್ ಮಾಡಿದ ಕಿತಾಪತಿ ಅಂದ್ರು. 'ಡೆಲ್ ನನ್ನನ್ನ ಬಾಗಿಲು ಹಿಡಿಯೋನ ಥರಾನೇ ಬಿಡಿಸಿದ್ದ, ಆಮೇಲೆ ಬದಲಾಯಿಸಿಬಿಟ್ರು, ಅವ್ನು ಅಂಥವನಲ್ಲ' ಅಂದ್ರು." ಅವಳು ನಕ್ಕಳು. "ಅಷ್ಟೇ, ನಿಮ್ಮ ಬಾಯಿಂದ ಒಂದ್ಸಲ ಕೇಳೋಣ ಅಂತ ಬಂದೆ. ಆಮೇಲೆ ಇಲ್ಲೇ, ಅಪ್ಪನ ಪಕ್ಕ ಒಂದು ಸಹಿ."

ಹೌದಮ್ಮ, ಎಡಿಟರೇ ಮಾಡಿದ್ದು. ಇಷ್ಟು ಹೇಳಿದರೆ ಮುಗಿಯಿತು. ಎಡಿಟರ್ ಸತ್ತು ಹನ್ನೆರಡು ವರ್ಷವಾಗಿತ್ತು, ಇನ್ನೊಂದು ತಪ್ಪು ಹೊತ್ತರೆ ಅವನ ಗಂಟೇನು ಹೋಗುತ್ತಿತ್ತು? ಮಗಳು ಸಂತೋಷವಾಗಿ ಮನೆಗೆ ಹೋಗುತ್ತಾಳೆ. ರೇ ಹೇಳಿದ ಮಾತೂ ಉಳಿಯುತ್ತದೆ. ಡೆಲ್ ಪೆನ್ನಿನ ಮುಚ್ಚಳ ತೆಗೆದ. ತೆಗೆದವನು ಸುಮ್ಮನಿರಲಾರದೆ ಕೇಳಿದ.

"ನೀವು ಊರು ಬಿಟ್ಟಿದ್ದು ಯಾಕೆ ಅಂತ ರೇ ಹೇಳಿದ್ನಾ?"

"ನನ್ನಿಂದಾನೇ. ನನ್ನ ಹೃದಯದಲ್ಲಿ ತೂತಿತ್ತು. ಆ ಮಾರ್ಚಿಯಲ್ಲಿ ಆಪರೇಷನ್ ಆಯ್ತು. ಆಮೇಲೆ ನಂಗೆ ಬೆಚ್ಚಗಿನ ಊರು ಬೇಕು ಅಂತ ಟೆನೆಸಿಗೆ ಹೋದ್ವಿ."

ಡೆಲ್‌ನ ಕೈ ಮೇಜಿನ ಮೇಲೆ ಹಾಗೇ ನಿಂತಿತು. ಮಾರ್ಚಿ. ಟೈರ್ ಕಾರ್ಖಾನೆಯ ಮುಷ್ಕರಕ್ಕೆ ಆಗ ನಾಲ್ಕು ತಿಂಗಳು. ಮೂರನೆಯ ತಿಂಗಳಿಗೇ ಕಂಪನಿಯವರು ಮುಷ್ಕರದವರ ಮನೆಮಂದಿಯ ಆಸ್ಪತ್ರೆ ವಿಮೆ ನಿಲ್ಲಿಸಿದ್ದರು; ಕೆಲಸಕ್ಕೆ ಮರಳಿದವರಿಗೆ ಮಾತ್ರ ಅದು. ಮಾರ್ಚಿಯ ಮೊದಲ ಸೋಮವಾರ ಬೆಳಿಗ್ಗೆ ರೇ, ಡೆಲ್‌ನ ಅಣ್ಣ ಅರ್ಲ್ ಮುಷ್ಕರದವರೊಂದಿಗೆ ಕಾವಲು ನಿಂತಿದ್ದ ಗೇಟನ್ನು ತಲೆತಗ್ಗಿಸಿ ದಾಟಿ ಕೆಲಸಕ್ಕೆ ಹೋಗಿದ್ದ. ಈ ಊರಿನಲ್ಲಿ ಮುಷ್ಕರ ಮುರಿದು ಗೇಟು ದಾಟಿದವನ ಹೆಸರನ್ನು ಯಾರೂ ಹೇಳುವುದಿಲ್ಲ, ಅವನ ಪಕ್ಕ ಕೂತು ಬಿಯರ್ ಕುಡಿಯುವುದಿಲ್ಲ, ಯಾಕೆ ದಾಟಿದೆ ಎಂದು ಕೇಳುವುದೂ ಇಲ್ಲ. ಡೆಲ್ ಕೂಡ ಕೇಳಿರಲಿಲ್ಲ. ರೇ ಮನೆಯ ಹಿಂದಿನ ಮೆಟ್ಟಿಲಿನವರೆಗೆ ನಡೆದು ಹೋಗಿದ್ದರೆ ಐದು ನಿಮಿಷದ ದಾರಿ.

"ಟೆಸ್," ಎಂದ. "ಎಡಿಟರ್ ಏನೂ ಬದಲಾಯಿಸ್ಲಿಲ್ಲ. ಅವನು ಆ ಕಾದಂಬರಿ ಓದೇ ಇರ್ಲಿಲ್ಲ. ಬದಲಾಯಿಸಿದ್ದು ನಾನು."

ಹಿಂದೆ ಸಾಲಿನಲ್ಲಿ ನಿಂತಿದ್ದ ದಪ್ಪ ಮನುಷ್ಯ ಗಡಿಯಾರ ನೋಡಿಕೊಂಡ. ಡೆಲ್ ತಲೆ ಎತ್ತದೆ ಎಲ್ಲವನ್ನೂ ಹೇಳಿದ. ಗೇಟು, ಅಣ್ಣ, ಸಿಟ್ಟು. ಪುಸ್ತಕ ಅಚ್ಚಾಗಿ ಬಂದ ವಾರ ಯಾರೋ ಈ ಪುಟ ಕತ್ತರಿಸಿ ಬಾರಿನ ಬಾಗಿಲಿಗೂ ರೇ ಕಾರಿನ ಗಾಜಿಗೂ ಅಂಟಿಸಿದ್ದು. ತಾನು ಅದನ್ನು ನೋಡಿ ನಕ್ಕಿದ್ದು. ಆ ತಿಂಗಳೇ ಮನೆ ಖಾಲಿಯಾದದ್ದು.

"ನೀವು ನಕ್ರಾ?" ಟೆಸ್‌ಳ ದನಿ ಏರಲಿಲ್ಲ. ಏರಿದ್ದರೆ ವಾಸಿಯಿತ್ತು.

"ನಕ್ಕೆ."

"ಅಪ್ಪನಿಗೆ ಗೊತ್ತಿತ್ತಾ, ನೀವೇ ಮಾಡಿದ್ದು ಅಂತ?"

"ಊರಿಗೆಲ್ಲ ಗೊತ್ತಿತ್ತಮ್ಮ."

ಅವಳು ಎದೆಯ ನಡುವೆ, ಅಂಗಿಯ ಮೇಲೆ, ಹೆಬ್ಬೆರಳಿನಿಂದ ಏನನ್ನೋ ಒತ್ತಿಕೊಂಡಳು. ಹಳೆಯ ಹೊಲಿಗೆಯ ಗುರುತು ಅಲ್ಲೇ ಇರಬೇಕು. ಈಗ ತಿರುಗಿ ಹೋಗುತ್ತಾಳೆ, ಇಲ್ಲವೇ ಕಪಾಳಕ್ಕೆ ಬಾರಿಸುತ್ತಾಳೆ ಎಂದು ಡೆಲ್ ಕಾದ. ಬಾರಿಸಿದರೆ ಚೆನ್ನ ಅನ್ನಿಸಿತು.

ಅವಳು ಕುರ್ಚಿ ಎಳೆದುಕೊಂಡು ಕೂತಳು. "ತಿದ್ದಿ."

"ಏನು?"

"ಇದನ್ನ ತಿದ್ದಿ. ಈಗಲೇ. ನನ್ನೆದುರಿಗೇ."

"ಅಯ್ಯೋ, ಬೇಡಮ್ಮ!" ಹಿಂದಿನ ದಪ್ಪ ಮನುಷ್ಯ ಬಾಯಿ ಹಾಕಿದ. "ಈ ಪ್ರತಿ ಸಿಗೋದೇ ಅಪರೂಪ. ಒಂದು ಗೀಟು ಬಿದ್ರೆ ಮುಗೀತು, ಹಾಳು!"

"ನೀವು ಸುಮ್ನಿರಿ," ಎಂದಳು ಟೆಸ್, ತಿರುಗಿಯೂ ನೋಡದೆ.

ಡೆಲ್ ಬಿಳಿ ಬಣ್ಣದ ಪುಟ್ಟ ಡಬ್ಬಿ ಬಿಚ್ಚಿದ. ಕಸುಬಿನಲ್ಲಿ ತಪ್ಪು ಮುಚ್ಚುವುದು ಹೀಗೇ: ಬಿಳಿ ಬಳಿದು, ಆರಿದ ಮೇಲೆ ಕಪ್ಪು. ಆದರೆ ಅದೆಲ್ಲ ಅಚ್ಚಿಗೆ ಹೋಗುವ ಮುಂಚೆ. ಚಿತ್ರದ ಮೈಲೋನ ಎದೆಯ ರಕ್ತ ಮೊದಲು ಬಿಳಿಯಾಯಿತು. ಆಮೇಲೆ ಕೈಯಲ್ಲಿದ್ದ ಲಕೋಟೆ. ಮಾತಿನ ಗುಳ್ಳೆಯನ್ನು ಪೂರ್ತಿ ಬಳಿದ. ಬಣ್ಣ ಆರುವ ತನಕ ಕಾದ. ಮತ್ತೆ ಕುಂಚ ಹಿಡಿದಾಗ ಒಂದು ಗೆರೆ ಸೊಟ್ಟಗಾಯಿತು. ಮೊಣಕೈ ಊರಿ, ಎಡಗೈಯಿಂದ ಬಲಗೈ ಹಿಡಿದುಕೊಂಡು, ಬೀಳುತ್ತಿದ್ದವನ ಬೆನ್ನಿಗೆ ಒಂದೊಂದೇ ಗೆರೆಯಾಗಿ ಕಬ್ಬಿಣದ ಬಾಗಿಲನ್ನು ತಂದ. ಖಾಲಿಯಾದ ಕೈಗೆ ಅಗುಳಿ ಕೊಟ್ಟ. ಬಾಗಿದ ಬೆನ್ನು ಈಗ ಬೀಳುತ್ತಿರಲಿಲ್ಲ, ಒತ್ತುತ್ತಿತ್ತು. ಕಣ್ಣು ಮಂಜಾಗಿ ಎರಡು ಸಲ ಕನ್ನಡಕ ಒರೆಸಿಕೊಂಡ.

"ಸರಿ ಇತ್ಲಾಗೆ," ಎಂದು ಡಾಟಿ ಹೆಣಿಗೆ ಪಕ್ಕಕ್ಕಿಟ್ಟು ಪೆನ್ನು ತೆಗೆದಳು. "ಅಕ್ಷರ ಬರೆದ ಪಾಪ ನಂದೂ ಇದೆ. ಕಾದಂಬರೀಲಿ ಏನಂತಾನಮ್ಮ ಅವ್ನು?"

ಟೆಸ್‌ಗೆ ಪುಟ ಹುಡುಕುವುದು ಬೇಕಾಗಲಿಲ್ಲ, ಪುಸ್ತಕ ತಾನಾಗಿ ಅಲ್ಲಿಗೇ ತೆರೆದುಕೊಂಡಿತು. "'ನೀನು ಹೊರಡು,'" ಎಂದು ಓದಿದಳು. ಕೆಮ್ಮಿ ಮತ್ತೆ ಓದಿದಳು. "'ನೀನು ಹೊರಡು. ಬಾಗಿಲು ನಾನು ನೋಡ್ಕೋತೀನಿ.'"

ಡಾಟಿ ಒಂದೊಂದೇ ಅಕ್ಷರವಾಗಿ ಗುಳ್ಳೆ ತುಂಬಿಸಿದಳು. ಕೈ ನಡುಗಲಿಲ್ಲ.

ಡೆಲ್ ಕೆಳಗಿನ ಅಂಚಿನ ಖಾಲಿ ಜಾಗ ನೋಡಿ ಕೇಳಿದ, "ಸಹಿ?"

"ಬೇಡ," ಎಂದಳು ಟೆಸ್.

ಅವನು ಪೆನ್ನಿಗೆ ಮುಚ್ಚಳ ಹಾಕಿದ.

"ಇನ್ನಾದ್ರೂ ಮುಗೀತಾ?" ಎಂದ ಹಿಂದಿನವನು.

"ಒಣಗ್ಲಿ, ತಡೀರಿ," ಎಂದಳು ಟೆಸ್. ಎರಡು ಬದಿಗೂ ಒಂದೊಂದು ಬೆರಳಿಟ್ಟು ಪುಸ್ತಕ ಮುಚ್ಚಿಕೊಳ್ಳದಂತೆ ಹಿಡಿದು, ಬಾಗಿ, ಬಿಸಿ ಕಾಫಿಗೆ ಊದುವ ಹಾಗೆ ಹಸಿ ಶಾಯಿಯ ಮೇಲೆ ಮೆಲ್ಲಗೆ ಊದತೊಡಗಿದಳು.