ಇಪ್ಪತ್ತೊಂಬತ್ತನೆಯ ಕೀ

ಆ ಹುಡುಗಿಯ ಕಾಲು ಪಿಯಾನೋದ ಪೆಡಲಿಗೆ ತಾಗುತ್ತಿಲ್ಲ, ಗಾಳಿಯಲ್ಲೇ ತೂಗುತ್ತಿದೆ, ಒಂದು ಶೂವಿನ ಲಾಡಿ ಬಿಚ್ಚಿಕೊಂಡಿದೆ, ಯಾರಾದರೂ ಹೇಳಬಾರದೇ, ಇಳಿಯುವಾಗ ಎಡವುತ್ತಾಳೆ — ಮೂವತ್ತೊಂದು ವರ್ಷ ಬಸ್ಸು ಓಡಿಸಿದವನ ಕಣ್ಣು ಮೊದಲು ಹೋಗುವುದೇ ಇಳಿಯುವವರ ಕಾಲಿನ ಕಡೆಗೆ, ಸಂಗೀತ ಆಮೇಲೆ. ಗ್ರಂಥಾಲಯದ ಮೇಲಂತಸ್ತು, ನಲವತ್ತು ಪ್ಲಾಸ್ಟಿಕ್ ಕುರ್ಚಿ, ನುಡಿಸುವವರು ಹನ್ನೆರಡು ಮಂದಿ, ಮಿಕ್ಕವರು ಕೇಳುವವರು, ಬಾಗಿಲಿಗೆ ಅಂಟಿಸಿದ ಕಾಗದ: ಪಿಯಾನೋ ಪಾಠ, ಉಚಿತ, ಯಾವ ಮಟ್ಟದವರೂ ಬರಬಹುದು, ತಲಾ ಹದಿನೈದು ನಿಮಿಷ, ಎಲ್ಲರೆದುರಿಗೆ. ನಾದಿನಿ ನೋಡಿ ಹೇಳಿದ್ದು, ಈಗ ಪಕ್ಕದಲ್ಲೇ ಕೂತಿದ್ದಾಳೆ, ಅಕ್ಕನ ಸ್ವೆಟರ್ ಹಾಕಿಕೊಂಡು, ಹೋಗಿ ಭಾವ, ಮನೇಲಿ ಕೂತು ಗೋಡೆ ನೋಡೋ ಬದಲು. ಅರ್ಜಿಯಲ್ಲಿ ಮೂರು ಚೌಕಗಳಿದ್ದವು, ಹೊಸಬರು, ನಡುವಿನವರು, ಪಳಗಿದವರು, ಮೂರನ್ನೂ ಬಿಟ್ಟು ಪಕ್ಕದಲ್ಲಿ ಬರೆದಿದ್ದ: ಒಂದೇ ಹಾಡು ಬರುತ್ತದೆ. ಬರೆಯದೆ ಉಳಿದದ್ದು ಇನ್ನೊಂದಿತ್ತು, ತಾನು ಬರುತ್ತಿರುವುದು ಕಲಿಯಲಿಕ್ಕಲ್ಲ, ಒಂದು ಸ್ವರ ಕೇಳಲಿಕ್ಕೆ ಎನ್ನುವುದು. ಮನೆಯ ಪಿಯಾನೋದಲ್ಲಿ ಆ ಸ್ವರ ಇಲ್ಲ, ಎಡದಿಂದ ಎಣಿಸಿದರೆ ಇಪ್ಪತ್ತೊಂಬತ್ತನೆಯ ಬಿಳಿ ಕೀ, ಒತ್ತಿದರೆ ಮರದ ಟಕ್ ಅಷ್ಟೇ, ಹೆಂಡತಿ ಪಾಠ ಹೇಳುತ್ತಿದ್ದ ಶಿಶುವಿಹಾರ ಮುಚ್ಚಿದಾಗ ಬಿಟ್ಟಿ ಬಂದ ಪೆಟ್ಟಿಗೆ, ನಾಲ್ಕು ಜನ ಹೊತ್ತು ತಂದರು, ರಿಪೇರಿಯವನು ಹಲಗೆ ಬಿಚ್ಚಿ ಇಣುಕಿ, ತಂತಿ ಹೋಗಿದೆ, ಒಳಗಿನ ಸುತ್ತಿಗೆಯೂ ಇಲ್ಲ, ಬೇರೆ ತರಿಸಬೇಕು ಅಂದ. ಬೇಡ ಬಿಡಿ, ಅಂದಳು ಅವಳು, ಅದೊಂದಕ್ಕೆ ನಾನಿದ್ದೀನಲ್ಲ, ಒಂದು ಕೀ ಮಾತಾಡಲ್ಲ ಅಂತ ಎಸೆಯೋಕಾಗುತ್ತಾ, ಇವರೂ ಮಾತಾಡಲ್ಲ, ಇವರನ್ನ ಇಟ್ಕೊಂಡಿಲ್ವಾ — ರಿಪೇರಿಯವನು ನಗುತ್ತಾ ಚೀಲ ಎತ್ತಿಕೊಂಡು ಹೋದ. ಆಮೇಲೆ ಹತ್ತೊಂಬತ್ತು ವರ್ಷ, ಆ ಕೀ ಬಂದಾಗಲೆಲ್ಲ ಬೆರಳು ಟಕ್ ಅನ್ನಿಸುವುದು, ಅದೇ ಕ್ಷಣಕ್ಕೆ ಅವಳು ಗದ್ದ ಎತ್ತಿ ಹೂಂ ಅಂತ ಆ ಸ್ವರ ತುಂಬುವುದು, ಅವನಿಗೆ ಕಲಿಸುವಾಗಲೂ ಹಾಗೇ, ಅವನು ನುಡಿಸುವನು, ಅವಳು ಅಡುಗೆಮನೆಯಿಂದಲೇ ಹೂಂ, ಕೈಯಲ್ಲಿ ಸೌಟು, ಗದ್ದ ಮಾತ್ರ ಮೇಲೆ, ಹಾಡಿಗೆ ನಾಲ್ಕು ಸಲ.

ಯಾರೂ ರೆಕಾರ್ಡ್ ಮಾಡಿಕೊಂಡಿರಲಿಲ್ಲ, ಮನೆಯ ಬಾಗಿಲ ಚಿಲಕದ ಸದ್ದನ್ನು ಯಾರು ರೆಕಾರ್ಡ್ ಮಾಡುತ್ತಾರೆ. ಅವಳು ಹೋಗಿ ಎಂಟು ತಿಂಗಳು, ಮೊದಲ ಎರಡು ತಿಂಗಳು ಆ ಜಾಗ ಬಂದಾಗ ಹೂಂ ತಾನಾಗಿ ಕಿವಿಗೆ ಬರುತ್ತಿತ್ತು, ಆಮೇಲೆ ತಡವಾಗಿ ಬರತೊಡಗಿತು, ಕೆಟ್ಟ ರಸ್ತೆಯ ಬಸ್ಸಿನ ಹಾಗೆ, ಕಳೆದ ತಿಂಗಳು ಎರಡು ದಿನ ಬರಲೇ ಇಲ್ಲ. ಹೆದರಿಕೆಯಾಯಿತು. ನಾದಿನಿಯನ್ನು ಕೇಳಿದ್ದ, ನಿಮ್ಮಕ್ಕನ ಹಾಗೆ ಒಂದು ಸಲ ಹೂಂ ಅನ್ನಮ್ಮ, ಅಯ್ಯೋ ಭಾವ, ನಂಗೆಲ್ಲಿ ಸ್ವರ, ಅಕ್ಕಂಗೇ ಸರಿಯಾಗಿ ನಿಲ್ತಿರಲಿಲ್ಲ, ಶಾಲೆಯಲ್ಲಿ ಪ್ರಾರ್ಥನೆಗೆ ಹಿಂದಿನ ಸಾಲಲ್ಲಿ ನಿಲ್ಲಿಸ್ತಿದ್ರು. ಆ ಮಾತನ್ನು ಅವತ್ತು ತೂಗಿ ನೋಡಬೇಕಿತ್ತು. ಸ್ವರ ಅಂದರೆ ಸ್ವರ, ಎಲ್ಲ ಕೀಗಳೂ ಇರುವ ಪಿಯಾನೋದಲ್ಲಿ ಒಂದು ಸಲ ಒತ್ತಿದರೆ ಸಾಕು, ಗಟ್ಟಿಯಾಗಿ ಉಳಿಯುತ್ತದೆ ಅಂದುಕೊಂಡಿದ್ದ. ಹುಡುಗಿ ಇಳಿದಳು, ಎಡವಲಿಲ್ಲ. ಕನ್ನಡಕಕ್ಕೆ ದಾರ ಕಟ್ಟಿಕೊಂಡ ಟೀಚರ್, ಬನ್ನಿ ಯಜಮಾನರೇ, ಒಂದೇ ಹಾಡಿನವರು ನೀವೇನಾ, ನಾಚ್ಕೋಬೇಡಿ, ಒಂದೂ ಬರದೆ ಇರೋರೂ ಬರ್ತಾರೆ ಇಲ್ಲಿ. ಕೂತ, ಪೆಡಲ್ ಒತ್ತಿದ, ಮೆತ್ತಗೆ, ಅದು ಬ್ರೇಕ್ ಅಲ್ಲ, ಅಂದರು ಟೀಚರ್, ಹಿಂದೆ ಯಾರೋ ನಕ್ಕರು, ನಗಲಿ. ಬಿಳಿ ಕೀಗಳ ಮೇಲೆ ಕಣ್ಣಾಡಿಸಿ ಎಡದಿಂದ ಎಣಿಸಿದ, ಇಪ್ಪತ್ತೇಳು, ಇಪ್ಪತ್ತೆಂಟು, ಇದು. ಶುರು ಮಾಡಿದ, ಬಲಗೈ ಮೂರು ಮೆಟ್ಟಿಲು ಹತ್ತುತ್ತದೆ, ಒಂದು ಇಳಿಯುತ್ತದೆ, ಮತ್ತೆ ಹತ್ತಿ — ಬೆರಳಡಿ ಅದು ಮೊಳಗಿತು. ಕೈ ನಿಂತುಬಿಟ್ಟಿತು. ಏನಾಯ್ತು, ಸರಿಯಾಗೇ ಇದೆ, ಮುಂದೆ ನುಡಿಸಿ. ಮತ್ತೆ ಮೊದಲಿಂದ, ಮತ್ತೆ ಅದೇ ಕೀ, ಮತ್ತೆ ಕೈ ನಿಂತಿತು. ತಪ್ಪು ಮಾಡಿ ನಿಲ್ಲಿಸೋರನ್ನ ನೋಡಿದೀನಿ, ಸರಿ ಮಾಡಿ ನಿಲ್ಲಿಸೋರು ನೀವೇ ಮೊದಲು. ಸರಿಯೇ ಇರಬಹುದು, ತೊಳೆದಿಟ್ಟ ಗಾಜಿನ ಲೋಟದ ಹಾಗಿದೆ, ಆದರೆ ಅವಳದು ಇದಲ್ಲ, ಅವಳದು ಇದಕ್ಕಿಂತ ಒಂದಿಷ್ಟು ಕೆಳಗಿತ್ತು, ಮೆಟ್ಟಿಲಿಗೆ ಕಾಲಿಟ್ಟು ಅರ್ಧ ಜಾರಿದ ಹಾಗೆ, ಹತ್ತೊಂಬತ್ತು ವರ್ಷವೂ ಕೆಳಗೇ ಇತ್ತು, ಅದು ತಪ್ಪು ಅಂತ ಅವನಿಗೆ ಈ ಗಳಿಗೆಯವರೆಗೆ ಗೊತ್ತಿರಲಿಲ್ಲ, ಹೋಲಿಸಲು ಬೇರೆ ಯಾವುದಿತ್ತು ಮನೆಯಲ್ಲಿ. ಎಷ್ಟು ಕೆಳಗೆ? ನೆನಪು ಮಾಡಿಕೊಳ್ಳಲು ಹೋದರೆ ಈ ಲೋಹದ ಸದ್ದೇ ಎದ್ದು ಬರುತ್ತದೆ, ಅವಳ ಜಾಗದಲ್ಲಿ ಕೂತುಬಿಟ್ಟಿದೆ. ಪಕ್ಕದ ಕೀ ಮುಟ್ಟಿ ನೋಡಿದ, ಅದು ತೀರಾ ಕೆಳಗೆ, ನಡುವಿನ ಕಪ್ಪು ಕೀ, ಅದೂ ಅಲ್ಲ, ಎರಡರ ಸಂದಿಯಲ್ಲಿ ಎಲ್ಲೋ ಇತ್ತು, ಆ ಸಂದಿಯಲ್ಲಿ ಮರವೂ ಇಲ್ಲ, ತಂತಿಯೂ ಇಲ್ಲ. ಏನು ಹುಡುಕ್ತಿದೀರಿ, ಟೀಚರ್ ದನಿ ತಗ್ಗಿಸಿ ಕೇಳಿದರು. ಸ್ವಲ್ಪ ಕಡಿಮೆ ಸರಿ ಇರೋದು ಸಿಗುತ್ತಾ ಮೇಡಂ? ಅವರು ನಗಲಿಲ್ಲ. ಪಿಯಾನೋದಲ್ಲಿ ಸಿಗಲ್ಲ ಯಜಮಾನರೇ, ಗಂಟಲಲ್ಲಾದ್ರೆ ಸಿಗುತ್ತೆ, ಹಾಡಿ ನೋಡಿ. ಎರಡನೇ ಸಾಲಿನಲ್ಲಿ ನಾದಿನಿ ಸ್ವೆಟರಿನ ತೋಳನ್ನು ಬಾಯಿಗೆ ಒತ್ತಿಕೊಂಡಿದ್ದಾಳೆ. ಇನ್ನೂ ಆರು ನಿಮಿಷ ಇದೆ. ಮೂರು ಮೆಟ್ಟಿಲು ಹತ್ತುತ್ತಾನೆ, ಒಂದು ಇಳಿಯುತ್ತಾನೆ, ಮತ್ತೆ ಹತ್ತಿ ಆ ಕೀಯ ಮೇಲೆ ಬೆರಳನ್ನು ಗಾಳಿಯಲ್ಲಿ ಹಿಡಿಯುತ್ತಾನೆ, ಒತ್ತುವುದಿಲ್ಲ, ಬಾಯಿ ತೆರೆಯುತ್ತಾನೆ, ಬರೀ ಉಸಿರು — ಕಣ್ಣ ಮುಂದೆ ಅಡುಗೆಮನೆಯ ಬಾಗಿಲಲ್ಲಿ ಅವಳು, ಕೈಯಲ್ಲಿ ಸೌಟು, ಗದ್ದ ಎತ್ತಿದ್ದಾಳೆ, ತುಟಿ ಕೂಡಿಸಿದ್ದಾಳೆ, ಗದ್ದ ಎತ್ತಿದ್ದಾಳೆ, ಗದ್ದ ಎತ್ತಿಯೇ ಇದ್ದಾಳೆ