ಏಳನೇ ಲೈನಿನ ಬಟ್ಟೆ

ಫ್ಯಾಕ್ಟರಿ ಗೇಟಿಗೆ ಅಂಟಿಸಿದ ಹಾಳೆಯಲ್ಲಿ ಹದಿನಾಲ್ಕು ಹೆಸರುಗಳಿದ್ದವು. ಸಾಲಾಗಿ ಕೂತು ಹೊಲಿಯುವ ಇಡೀ ಏಳನೇ ಲೈನನ್ನೇ ಕೆಲಸದಿಂದ ತೆಗೆದಿದ್ದರು. ಮೊದಲ ಹೆಸರು ಅಕ್ಕನದು. ತಂಗಿ ಎರಡು ಸಲ ಓದಿದಳು. ಅಕ್ಕ ಓದಲೇ ಇಲ್ಲ. ಸೆಕ್ಯುರಿಟಿಯವನು ಮುಖ ತಿರುಗಿಸಿದಾಗಲೇ ಅವಳಿಗೆ ಗೊತ್ತಾಗಿತ್ತು.

ಇದಕ್ಕೆಲ್ಲ ಕಾರಣವಾದ ವಿಡಿಯೋ ಮಾಡಿದ್ದು ತಂಗಿ. ಹೊಲಿಗೆ ಕಾರ್ಮಿಕರ ಸಂಘಟನೆ ಈ ಚುನಾವಣೆಯಲ್ಲಿ ತನ್ನದೇ ಅಭ್ಯರ್ಥಿಯನ್ನು ನಿಲ್ಲಿಸಿತ್ತು. ಅದರ ಫೇಸ್‌ಬುಕ್ ಪೇಜು ನೋಡಿಕೊಳ್ಳುವ ಕೆಲಸ ಅವಳದು. ಬಾತ್‌ರೂಮಿಗೆ ಹೋಗಲೂ ಚೀಟಿ ಕೇಳಬೇಕಾದ ಸಂಕಟವನ್ನು ಹೆಂಗಸರೇ ಹೇಳಿದರೆ ಜನ ಕೇಳುತ್ತಾರೆ ಎಂದು ಅವಳು ಅಕ್ಕನ ಬೆನ್ನು ಬಿದ್ದಳು, ಅಕ್ಕ ಉಳಿದವರ ಕೈಕಾಲು ಹಿಡಿದು ಒಪ್ಪಿಸಿದಳು. ಗುರುತು ಸಿಗಬಾರದೆಂದು ಧ್ವನಿ ಬದಲಿಸಿದರು, ಗೋಡೆಗೆ ಬೆಡ್‌ಶೀಟು ಕಟ್ಟಿದರು, ಕಣ್ಣಷ್ಟೇ ಬಿಟ್ಟು ಮುಖವೆಲ್ಲ ಮುಚ್ಚಿದರು. ಹೊಲಿಯುವವರು ಮುಸುಕಿಗೆಂದು ಅಂಗಡಿಯಿಂದ ಬಟ್ಟೆ ತರುತ್ತಾರೆಯೇ? ಮಷೀನಿನ ಕೆಳಗೆ ಬಿದ್ದ ಚೂರುಗಳನ್ನೇ ಜೋಡಿಸಿ, ಅಂಚು ಮಡಚಿ, ಅರ್ಧ ಗಂಟೆಯಲ್ಲಿ ಹದಿನಾಲ್ಕು ಮುಸುಕು ಹೊಲಿದುಬಿಟ್ಟರು. ಹಸಿರು ಚೌಕಳಿ. ಆ ವಾರ ಆ ಚೌಕಳಿ ಬಂದದ್ದು ಏಳನೇ ಲೈನಿಗೆ ಮಾತ್ರ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ! ಮ್ಯಾನೇಜರಿಗೆ ಮುಖ ಬೇಕಾಗಲಿಲ್ಲ, ಬಟ್ಟೆ ಸಾಕಾಯಿತು.

ಮೂರು ಲಕ್ಷ ಜನ ನೋಡಿದ ವಿಡಿಯೋವನ್ನು ತಂಗಿ ಗೇಟಿನ ಮುಂದೆ ನಿಂತೇ ಅಳಿಸಿದಳು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ದಷ್ಟೇ ಬಂತು. ಅಷ್ಟರಲ್ಲಿ ಅದು ಯಾರ್ಯಾರದೋ ಫೋನು ಸೇರಿತ್ತು. ಮಧ್ಯಾಹ್ನ ಉಳಿದ ಹದಿಮೂರು ಜನ ಮನೆಗೆ ಬಂದು ಬಾಯಿಗೆ ಬಂದಂತೆ ಬೈದರು. ಅಕ್ಕನ ಪಕ್ಕದ ಮಷೀನಿನವಳು ಮಾತ್ರ ಬೈಯಲಿಲ್ಲ.

“ನಿನ್ನ ಮುಖ ನೋಡ್ಕೊಂಡು ಬಂದೆ ಕಣೇ ನಾನು,” ಎಂದಷ್ಟೇ ಹೇಳಿ ಹೋದಳು. ಬೈಗುಳವೇ ವಾಸಿಯಿತ್ತು.

ಮರುದಿನ ಸಂಘಟನೆಯ ಪ್ರಚಾರ ನೋಡಿಕೊಳ್ಳುವ ಮೇಷ್ಟ್ರು ಬಂದರು. ಕೆಟ್ಟವರಲ್ಲ ಪಾಪ, ಅದೇ ತೊಂದರೆ. ಒಬ್ಬರಾದರೂ ಮುಖ ತೋರಿಸಿ ಮಾತಾಡಿದರೆ ಮೂರು ಲಕ್ಷ ಮೂವತ್ತಾಗುತ್ತದೆ, ಕಂಪನಿ ಹೆದರಿ ಎಲ್ಲರನ್ನೂ ವಾಪಸ್ ಕರೆದರೂ ಕರೆಯಬಹುದು, ಮತದಾನಕ್ಕೆ ಒಂಬತ್ತೇ ದಿನ ಎಂದರು.

“ಮುಖ ತೋರಿಸಿದ್ರೆ ಇನ್ಯಾವ ಫ್ಯಾಕ್ಟರೀಲೂ ಇವಳನ್ನ ಸೇರಿಸ್ಕೊಳ್ಳಲ್ಲ ಮೇಷ್ಟ್ರೇ,” ಎಂದಳು ತಂಗಿ.

“ನನ್ನ ಮಾತು ಕೇಳಿ ಹದಿಮೂರು ಮನೆ ಒಲೆ ಆರಿದೆ. ಈ ಮುಖ ಉಳಿಸ್ಕೊಂಡು ನಾನೇನು ಮಾಡ್ಲಿ?” ಎಂದು ಅಕ್ಕ ಎದ್ದು ಮುಖ ತೊಳೆದಳು, ತಲೆ ಬಾಚಿಕೊಂಡಳು, ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು ಕೂತಳು.

ತಂಗಿ ಫೋನು ಹಿಡಿದಳು. ಅಕ್ಕ ಎಲ್ಲೂ ತಡವರಿಸದೆ ಹೇಳಿದಳು. ಮೇಷ್ಟ್ರು ಅದನ್ನು ಫೋನಿನಲ್ಲಿ ನೋಡಿದರು. “ಚೆನ್ನಾಗಿ ಹೇಳಿದ್ರಿ ತಾಯಿ. ಆದ್ರೆ ಕಣ್ಣಲ್ಲಿ ಸ್ವಲ್ಪ ನೀರು ಬಂದ್ರೆ ಜನ ನಿಂತು ನೋಡ್ತಾರೆ.”

ಅಕ್ಕ ಮತ್ತೆ ಹೇಳಿದಳು, ಇನ್ನೊಮ್ಮೆಯೂ ಹೇಳಿದಳು. ಒಂದು ಹನಿ ಬರಲಿಲ್ಲ. ಫೋನು ಹಿಡಿದ ತಂಗಿಯೇ ಬಿಕ್ಕುತ್ತಿದ್ದಳು. ಮೇಷ್ಟ್ರು ಫೋನು ಅಲುಗದ ಹಾಗೆ ಅವಳ ಮೊಣಕೈಯನ್ನು ಮೆಲ್ಲಗೆ ಹಿಡಿದರು.

“ಅಲ್ಲಾಡಿಸಬೇಡ ಕಣೇ, ಕೆಟ್ಟೋಗುತ್ತೆ,” ಎಂದು ಅಕ್ಕ ಗದರಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ನಾಲ್ಕನೇ ಸಲ ಮೊದಲಿನಿಂದ ಶುರುಮಾಡಿದಳು:

“ನಾನು ಹನ್ನೊಂದು ವರ್ಷದಿಂದ ಹೊಲೀತಿದೀನಿ…”